ಎರಡು ತೀರಗಳ ಆಟಗಾರ

ಅನ್ನವನ್ನರಸಿ ಪರದೇಶಕ್ಕೆ ಹೋದವನಿಗೆ ಊರಿನವರು ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಎರಡು. ಅಲ್ಲಿ ಎಷ್ಟು ಗಳಿಸಿದೆ? ಹಿಂದಿರುಗುವುದು ಯಾವಾಗ? ಇವೆರಡಕ್ಕೂ ಹೇಗೋ ಒಂದು ಉತ್ತರ ಹೇಳಿ ಪಾರಾಗಬಹುದು. ಮೂರನೆಯ ಪ್ರಶ್ನೆಯೊಂದುಂಟು. ಹುಟ್ಟಿದ ನಾಡಿಗೂ ಅನ್ನವಿಕ್ಕಿದ ನಾಡಿಗೂ ಯುದ್ಧ ಹತ್ತಿಕೊಂಡರೆ ನೀನು ಯಾರವನು? ಬಹುಮಂದಿಗೆ ಈ ಪ್ರಶ್ನೆ ಬಾಳಿನುದ್ದಕ್ಕೂ ಎದುರಾಗುವುದಿಲ್ಲ. ಅದು ಅವರ ಪುಣ್ಯ.

ಅರ್ಜೆಂಟೀನದ ಫುಟ್‌ಬಾಲ್ ಪಟು ಓಸ್ವಾಲ್ಡೊ ಅರ್ಡಿಲೆಸ್ ಅಷ್ಟು ಪುಣ್ಯವಂತನಾಗಿರಲಿಲ್ಲ. 1982ರ ಏಪ್ರಿಲ್ 2ರಂದು ಅವನ ದೇಶದ ಸೈನ್ಯವು ಬ್ರಿಟನ್ನಿನ ಆಡಳಿತದಲ್ಲಿದ್ದ ಫಾಕ್‌ಲೆಂಡ್ ದ್ವೀಪಗಳಲ್ಲಿ ಇಳಿದಾಗ ಆತ ಲಂಡನ್ನಿನ ಪ್ರಸಿದ್ಧ ಕ್ಲಬ್ಬೊಂದರ ಕಣ್ಮಣಿಯಾಗಿದ್ದ. ಇಂಗ್ಲೆಂಡಿನ ಮಕ್ಕಳು ಅವನ ಹೆಸರನ್ನು ಮೊಟಕುಗೊಳಿಸಿ ‘ಓಸಿ’ ಎಂದು ಪ್ರೀತಿಯಿಂದ ಕರೆಯುತ್ತಿದ್ದರು. ಮರುದಿನವೇ ಆತ ಸಾವಿರಾರು ಇಂಗ್ಲಿಷ್ ಪ್ರೇಕ್ಷಕರ ನಡುವೆ ಮೈದಾನಕ್ಕೆ ಇಳಿಯಬೇಕಾಗಿತ್ತು. ಆ ದಿನದ ಕಥೆಗೆ ಬರುವ ಮುನ್ನ ಆತ ಅಲ್ಲಿಗೆ ಬಂದು ಸೇರಿದ ಬಗೆಯನ್ನು ತಿಳಿಯುವುದು ಅಗತ್ಯ.

ಹೆಬ್ಬಾವಿನ ಹೆಸರಿನ ಹುಡುಗ

ಅರ್ಜೆಂಟೀನದ ರಾಜಧಾನಿ ಬ್ಯೂನಸ್ ಐರಿಸ್ ಸಮುದ್ರದತ್ತ ಮುಖ ಮಾಡಿರುವ ನಗರ. ಅಲ್ಲಿಂದ ಬಹುದೂರ ಒಳನಾಡಿನಲ್ಲಿದೆ ಕಾರ್ಡೋಬ ಪಟ್ಟಣ. ಪುರಾತನ ವಿಶ್ವವಿದ್ಯಾನಿಲಯಕ್ಕೆ ಹೆಸರಾದ ಊರು. 1952ರ ಆಗಸ್ಟ್ 3ರಂದು ಅರ್ಡಿಲೆಸ್ ಅಲ್ಲಿ ಜನಿಸಿದ. ಸಣಕಲು ದೇಹ, ಬೆಳೆದ ಮೇಲೆಯೂ ಎತ್ತರ ಐದೂವರೆ ಅಡಿಯನ್ನು ಹೆಚ್ಚಾಗಿ ಮೀರಲಿಲ್ಲ. ಆದರೆ ಚೆಂಡು ಕಾಲಿಗೆ ಬಂದಿತೆಂದರೆ ಎದುರಾಳಿಗಳ ಕಾಲುಗಳ ನಡುವೆ ಬಳುಕಿ ನುಸುಳಿ ಆಚೆ ತೀರದಲ್ಲಿ ಎದ್ದು ನಿಲ್ಲುತ್ತಿದ್ದ. ಇದನ್ನು ಕಂಡ ಅವನ ಸೋದರ ಇಟ್ಟ ಅಡ್ಡಹೆಸರು ‘ಪಿತೋನ್’, ಅಂದರೆ ಹೆಬ್ಬಾವು. ಸ್ವದೇಶದಲ್ಲಿ ಆ ಹೆಸರು ಅವನನ್ನು ಕೊನೆಯವರೆಗೂ ಬಿಡಲಿಲ್ಲ.

ಆತ ಕಾನೂನು ವಿದ್ಯಾರ್ಥಿಯೂ ಆಗಿದ್ದ. ಬೆಳಿಗ್ಗೆ ನ್ಯಾಯಶಾಸ್ತ್ರದ ಗ್ರಂಥ, ಸಂಜೆ ಮೈದಾನದ ಹುಲ್ಲು. ಮಧ್ಯಮ ವರ್ಗದ ಮನೆತನಗಳಲ್ಲಿ ಇವೆರಡರ ಜಗಳ ಎಂದೂ ಮುಗಿಯದು. ಇಲ್ಲಿ ಗೆದ್ದದ್ದು ಹುಲ್ಲು. ಊರಿನ ಇನ್‌ಸ್ಟಿಟ್ಯೂಟೊ ಕ್ಲಬ್ಬಿನಲ್ಲಿ 1973ರಲ್ಲಿ ಆಟ ಆರಂಭಿಸಿದ. ಮುಂದೆ ವಿಶ್ವವಿಖ್ಯಾತನಾದ ಮಾರಿಯೊ ಕೆಂಪೆಸ್ ಅಲ್ಲಿ ಅವನ ಜೊತೆಗಾರ. 1974ರಲ್ಲಿ ಅದೇ ಊರಿನ ಬೆಲ್‌ಗ್ರಾನೊ ಕ್ಲಬ್ಬು, 1975ರಲ್ಲಿ ರಾಜಧಾನಿಯ ಹುರಾಕಾನ್. ಬೆಲ್‌ಗ್ರಾನೊ ಎಂಬುದು ಅರ್ಜೆಂಟೀನದ ಸ್ವಾತಂತ್ರ್ಯ ಹೋರಾಟದ ಸೇನಾನಿಯೊಬ್ಬನ ಹೆಸರು. ಈ ಹೆಸರನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಮುಂದೆ ಅದು ಬೇರೊಂದು ಪ್ರಸಂಗದಲ್ಲಿ ಬರಲಿದೆ.

ಮದುವೆಯ ಮನೆಯ ಸೋದರಮಾವ

ಅರ್ಡಿಲೆಸ್ ಗೋಲು ಹೊಡೆದು ಹೆಸರು ಮಾಡಿದವನಲ್ಲ. ಅವನದು ಮಧ್ಯರಂಗದ ಆಟ. ಮದುವೆಯ ಮನೆಯಲ್ಲಿ ಎಲ್ಲರ ಕಣ್ಣೂ ಹಸೆಮಣೆಯ ಮೇಲಿರುತ್ತದೆ. ಆದರೆ ಉಗ್ರಾಣದಲ್ಲಿ ತುಪ್ಪ ಎಷ್ಟು ಉಳಿದಿದೆ, ಪಂಕ್ತಿಯಲ್ಲಿ ಯಾವ ಎಲೆಗೆ ಪಾಯಸ ಬಂದಿಲ್ಲ, ಬೀಗರ ಕಡೆಯ ಹಿರಿಯರು ಯಾವ ಮೂಲೆಯಲ್ಲಿ ಮುನಿಸಿಕೊಂಡು ಕುಳಿತಿದ್ದಾರೆ ಎಂಬುದನ್ನೆಲ್ಲ ಬಲ್ಲ ಸೋದರಮಾವನೊಬ್ಬ ಒಳಗೂ ಹೊರಗೂ ಓಡಾಡುತ್ತಲೇ ಇರುತ್ತಾನೆ. ಅವನಿಲ್ಲದೆ ಕಾರ್ಯ ಸಾಗದು. ಛಾಯಾಚಿತ್ರದಲ್ಲಿ ಮಾತ್ರ ಅವನ ಮುಖ ಕಾಣಿಸದು.

ಫುಟ್‌ಬಾಲ್ ತಂಡದಲ್ಲಿ ಮಧ್ಯರಂಗದ ಆಟಗಾರನ ಪಾಡೂ ಹೀಗೆಯೇ. ಹಿಂದೆ ಕೋಟೆ ಕಾಯುವವರಿಂದ ಚೆಂಡನ್ನು ಪಡೆದು, ಮುಂದೆ ಗೋಲಿಗೆ ಹಾತೊರೆದು ನಿಂತವರ ಕಾಲಿಗೆ ಅದನ್ನು ತಲುಪಿಸಬೇಕು. ಎಲ್ಲಿ ಜಾಗ ತೆರೆಯುತ್ತದೆ, ಯಾರು ಓಡಲಿದ್ದಾರೆ ಎಂಬುದನ್ನು ಚೆಂಡು ಬರುವ ಮೊದಲೇ ಕಂಡಿರಬೇಕು. ಎದುರಾಳಿಯ ಕಾಲಿನಿಂದ ಚೆಂಡನ್ನು ಕಸಿಯುವ ದುಡಿಮೆಯೂ ಅವನದೇ. ಎರಡು ಕಡೆಗಳನ್ನು ಬೆಸೆಯುವುದೇ ಅವನ ಕಸುಬು. ಅರ್ಡಿಲೆಸ್ ಈ ಕಸುಬಿನಲ್ಲಿ ಪಳಗಿದವನು. ಮುಂದೆ ಬಾಳಿನಲ್ಲಿಯೂ ಅದೇ ಕೆಲಸ ಅವನ ಪಾಲಿಗೆ ಬಂದದ್ದು ವಿಧಿಯ ವಿಚಿತ್ರ.

ರಾಷ್ಟ್ರೀಯ ತಂಡದ ಶಿಕ್ಷಕನಾಗಿದ್ದ ಸೆಸಾರ್ ಲೂಯಿಸ್ ಮೆನೊಟ್ಟಿ ರಾಜಧಾನಿಯ ದೊಡ್ಡ ಕ್ಲಬ್ಬುಗಳಲ್ಲಿ ಮಾತ್ರ ಪ್ರತಿಭೆಯನ್ನು ಹುಡುಕಲಿಲ್ಲ. ಒಳನಾಡಿನ ಪ್ರಾಂತಗಳಿಂದಲೂ ಹುಡುಗರನ್ನು ಕರೆಸಿಕೊಂಡ. ಬಲಕ್ಕಿಂತ ಬುದ್ಧಿಗೆ ಬೆಲೆ ಕೊಡುತ್ತಿದ್ದ ಆ ಗುರುವಿಗೆ ಈ ಸಣಕಲ ಮೆಚ್ಚಿಕೆಯಾದುದರಲ್ಲಿ ಆಶ್ಚರ್ಯವಿಲ್ಲ.

ಬಂಗಾರದ ಬಟ್ಟಲು, ಕರಿಯ ನೆರಳು

1978ರ ವಿಶ್ವಕಪ್ ಪಂದ್ಯಾವಳಿ ಅರ್ಜೆಂಟೀನದಲ್ಲಿಯೇ ನಡೆಯಿತು. ಆ ತಂಡದವರ ಅಂಗಿಯ ಸಂಖ್ಯೆಗಳು ಹೆಸರಿನ ಅಕ್ಷರಾನುಕ್ರಮದಲ್ಲಿ ಹಂಚಿಕೆಯಾಗಿದ್ದವು. ಹಾಗಾಗಿ ಅರ್ಡಿಲೆಸ್‌ಗೆ ದೊರೆತದ್ದು 2ನೆಯ ಸಂಖ್ಯೆ. ನಾಲ್ಕು ವರ್ಷಗಳ ತರುವಾಯ ಅದೇ ಕ್ರಮದಲ್ಲಿ 1ನೆಯ ಸಂಖ್ಯೆಯೇ ಬಂದು, ಗೋಲುರಕ್ಷಕನ ಅಂಕಿಯನ್ನು ಬೆನ್ನಿಗೆ ಹೊತ್ತ ಮಧ್ಯರಂಗದ ಆಟಗಾರನನ್ನು ಕಂಡು ಜಗತ್ತು ನಕ್ಕಿತು.

ಬ್ರೆಜಿಲಿನೆದುರಿನ ಪಂದ್ಯದಲ್ಲಿ ಗಾಯಗೊಂಡು ಆತ ಅರ್ಧದಲ್ಲಿ ಹೊರನಡೆಯಬೇಕಾಯಿತು. ಬದಲಿಗೆ ಬಂದವನು ಎತ್ತರದ, ಗಡ್ಡದ ರಿಕಾರ್ಡೊ ವಿಲ್ಲಾ. ಜೂನ್ 25ರ ಅಂತಿಮ ಪಂದ್ಯಕ್ಕೆ ಪೂರ್ಣ ಗುಣವಾಗದ ಕಾಲಿನಲ್ಲಿಯೇ ಇಳಿದ ಅರ್ಡಿಲೆಸ್ 66ನೆಯ ನಿಮಿಷದವರೆಗೆ ಆಡಿದ. ಹೆಚ್ಚುವರಿ ಆಟದಲ್ಲಿ ಅರ್ಜೆಂಟೀನ ಹಾಲೆಂಡನ್ನು 3–1ರಿಂದ ಸೋಲಿಸಿ ಮೊತ್ತಮೊದಲ ಬಾರಿಗೆ ವಿಶ್ವಕಪ್ಪನ್ನು ಎತ್ತಿತು. ಬೀದಿಬೀದಿಗಳಲ್ಲಿ ಜನಸಾಗರ, ಆಕಾಶದಿಂದ ಹಿಮದಂತೆ ಉದುರುವ ಕಾಗದದ ಚೂರುಗಳು.

ಆ ಸಂಭ್ರಮದ ಹಿಂದೊಂದು ಕರಿಯ ನೆರಳಿತ್ತು. 1976ರ ಮಾರ್ಚಿಯಿಂದ ದೇಶ ಸೈನ್ಯಾಧಿಕಾರಿಗಳ ಮುಷ್ಟಿಯಲ್ಲಿತ್ತು. ಎದುರು ಮಾತನಾಡಿದ ಸಾವಿರಾರು ಮಂದಿ ಮನೆಯಿಂದ ಒಯ್ಯಲ್ಪಟ್ಟು ಕಣ್ಮರೆಯಾಗುತ್ತಿದ್ದರು. ಅಂತಿಮ ಪಂದ್ಯ ನಡೆದ ಕ್ರೀಡಾಂಗಣದ ಸಮೀಪದಲ್ಲಿಯೇ ಇದ್ದ ನೌಕಾದಳದ ಶಾಲೆಯೊಂದು ಬಂದಿಗಳನ್ನು ಹಿಂಸಿಸುವ ಕೇಂದ್ರವಾಗಿತ್ತೆಂಬುದು ಮುಂದೆ ಲೋಕಕ್ಕೆಲ್ಲ ತಿಳಿಯಿತು. ಗೆದ್ದ ತಂಡದ ಕೀರ್ತಿಯನ್ನು ಆಳುವವರು ತಮ್ಮ ಮುಖಕ್ಕೆ ಬಳಿದುಕೊಂಡರು. ಆಟಗಾರರ ಬೆವರು ನಿಜ. ಜನರ ಹರ್ಷವೂ ನಿಜ. ಆದರೆ ಆ ಹರ್ಷವನ್ನು ಮರೆಯಾಗಿ ಬಳಸಿಕೊಂಡವರು ಬೇರೆ. ಇದರ ನೋವನ್ನು ಅರ್ಡಿಲೆಸ್ ಅನಂತರದ ವರ್ಷಗಳಲ್ಲಿ ಬಹಿರಂಗವಾಗಿಯೇ ಹೇಳಿಕೊಂಡಿದ್ದಾನೆ.

ಲಂಡನ್ನಿನಿಂದ ಬಂದ ಗಿರಾಕಿ

ಇತ್ತ ಇಂಗ್ಲೆಂಡಿನಲ್ಲಿ ಒಂದು ಹಳೆಯ ಬಾಗಿಲು ತೆರೆಯುತ್ತಿತ್ತು. 1931ರಿಂದಲೂ ಅಲ್ಲಿಯ ಲೀಗಿನಲ್ಲಿ ವಿದೇಶಿ ಆಟಗಾರರಿಗೆ ಎರಡು ವರ್ಷ ಆ ದೇಶದಲ್ಲಿ ನೆಲಸಿರಬೇಕೆಂಬ ಕಟ್ಟಳೆಯಿತ್ತು. ಸಂಬಳವಿಲ್ಲದೆ ಎರಡು ವರ್ಷ ಕಾದು ಕುಳಿತುಕೊಳ್ಳುವವರಾರು? ಕಟ್ಟಳೆ ಬೇಲಿಯೇ ಆಗಿತ್ತು. ಯುರೋಪಿನ ಆರ್ಥಿಕ ಸಮುದಾಯದ ನಿಯಮಗಳಿಗೆ ತಲೆಬಾಗಿ 1978ರಲ್ಲಿ ಅದನ್ನು ಕಿತ್ತುಹಾಕಲಾಯಿತು.

ಉತ್ತರ ಲಂಡನ್ನಿನ ಟಾಟನ್‌ಹ್ಯಾಮ್ ಹಾಟ್‌ಸ್ಪರ್ ಕ್ಲಬ್ಬು ಒಂದು ವರ್ಷ ಎರಡನೆಯ ದರ್ಜೆಗೆ ಇಳಿದು, ಆಗತಾನೆ ಮತ್ತೆ ಮೇಲೇರಿತ್ತು. ಅದರ ಮ್ಯಾನೇಜರ್ ಕೀತ್ ಬರ್ಕಿನ್‌ಶಾ ಮಿತಭಾಷಿ. ಅರ್ಜೆಂಟೀನದ ಆಟಗಾರರು ಮಾರಾಟಕ್ಕಿದ್ದಾರೆಂಬ ಸುಳಿವು ಶೆಫೀಲ್ಡ್ ಯುನೈಟೆಡ್ ಕ್ಲಬ್ಬಿನ ಮ್ಯಾನೇಜರನಿಂದ ಸಿಕ್ಕಿತೇ ತಡ, ವಿಮಾನವೇರಿ ಬ್ಯೂನಸ್ ಐರಿಸ್ ಸೇರಿದ. ಅವನು ಬಂದದ್ದು ಅರ್ಡಿಲೆಸ್‌ಗಾಗಿ. ಮಾತುಕತೆ ಬೇಗನೆ ಮುಗಿಯಿತು. ಆಗ ಅರ್ಡಿಲೆಸ್, ತನ್ನ ಗೆಳೆಯ ವಿಲ್ಲಾನನ್ನೂ ಕರೆದೊಯ್ಯಬಹುದಲ್ಲವೇ ಎಂದು ಕೇಳಿದ. ಬರ್ಕಿನ್‌ಶಾ ಲಂಡನ್ನಿಗೆ ದೂರವಾಣಿ ಮಾಡಿದ, ಒಪ್ಪಿಗೆ ದೊರೆಯಿತು. ಇಬ್ಬರಿಗೂ ಸೇರಿ ಕೊಟ್ಟದ್ದು ಸುಮಾರು 7,50,000 ಪೌಂಡು. ವಿಶ್ವಕಪ್ ಗೆದ್ದ ಮರುತಿಂಗಳೇ ಇಬ್ಬರು ವಿಜೇತರು ಇಂಗ್ಲೆಂಡಿಗೆ ಬರುತ್ತಾರೆಂಬ ಸುದ್ದಿ ಕೇಳಿ ಆ ದೇಶ ಬೆರಗಾಯಿತು.

ಬೆರಗಿನ ಜೊತೆಗೆ ಗೊಣಗಾಟವೂ ಇತ್ತು. ಹೊರಗಿನವರು ಬಂದರೆ ಸ್ಥಳೀಯರ ಅನ್ನಕ್ಕೆ ಕಲ್ಲು ಬೀಳುವುದೆಂದು ಆಟಗಾರರ ಸಂಘ ಆತಂಕಪಟ್ಟಿತು. ಇಂಗ್ಲೆಂಡಿನ ಕೆಸರು ಮೈದಾನ, ಮೂಳೆ ಮುರಿಯುವ ಆಟ, ಜನವರಿಯ ಕೊರೆಯುವ ಚಳಿ ಇವುಗಳೆದುರು ಈ ನಾಜೂಕಿನ ದಕ್ಷಿಣ ಅಮೆರಿಕನ್ನರು ಎಷ್ಟು ದಿನ ನಿಂತಾರು ಎಂದು ಪಂಡಿತರು ತಲೆಯಾಡಿಸಿದರು.

ಮೊದಲ ಪಂದ್ಯ 1978ರ ಆಗಸ್ಟ್ 19ರಂದು, ಹಿಂದಿನ ವರ್ಷದ ಚಾಂಪಿಯನ್ನರಾದ ನಾಟಿಂಗ್‌ಹ್ಯಾಮ್ ಫಾರೆಸ್ಟಿನೆದುರು. ವಿಲ್ಲಾ ಗೋಲು ಹೊಡೆದ. ಪಂದ್ಯ 1–1ರಲ್ಲಿ ಸಮವಾಯಿತು. ಸ್ವಂತ ಮೈದಾನ ವೈಟ್ ಹಾರ್ಟ್ ಲೇನಿನಲ್ಲಿ ಇಳಿದ ಮೊದಲ ದಿನ ಅಭಿಮಾನಿಗಳು ಅರ್ಜೆಂಟೀನದ ಪದ್ಧತಿಯಂತೆ ಕಾಗದದ ಚೂರುಗಳ ಮಳೆಗರೆದರು. ಪಂದ್ಯದಲ್ಲಿ ಮಾತ್ರ 4–1ರ ಸೋಲು. ಸೆಪ್ಟೆಂಬರ್ 2ರಂದು ಲಿವರ್‌ಪೂಲ್ ತಂಡ 7–0ರಿಂದ ಮಣ್ಣು ಮುಕ್ಕಿಸಿತು. ತಲೆಯಾಡಿಸಿದ ಪಂಡಿತರಿಗೆ ಹಿಗ್ಗೋ ಹಿಗ್ಗು.

ಚೆಂಡನ್ನು ನೆಲಕ್ಕಿಳಿಸಿದವನು

ಅಂದಿನ ಇಂಗ್ಲೆಂಡಿನ ಹಲವು ತಂಡಗಳಿಗೆ ಮಧ್ಯರಂಗವೆಂದರೆ ಚೆಂಡು ಮೇಲೆ ಹಾರಿಹೋಗುವ ಬಯಲು. ಹಿಂದಿನಿಂದ ಬಲವಾಗಿ ಒದೆಯುವುದು, ಮುಂದೆ ಧಾಂಡಿಗರು ತಲೆಯಿಂದ ಹೊಡೆಯಲು ನೆಗೆಯುವುದು, ಇದೇ ಕ್ರಮ. ಅರ್ಡಿಲೆಸ್ ಚೆಂಡನ್ನು ಆಕಾಶದಿಂದ ನೆಲಕ್ಕಿಳಿಸಿದ. ಹತ್ತಿರದವನಿಗೆ ಕೊಟ್ಟು, ಓಡಿ, ಮತ್ತೆ ಪಡೆದು, ಮತ್ತೆ ಕೊಟ್ಟು, ನೇಯ್ಗೆಯವನ ಲಾಳಿಯಂತೆ ಅತ್ತಿಂದಿತ್ತ ಇತ್ತಿಂದತ್ತ ಸಂಚರಿಸಿ ಆಟದ ಬಟ್ಟೆಯನ್ನು ನೇಯುತ್ತಿದ್ದ. ತಂಡದಲ್ಲಿದ್ದ ಯುವಕ ಗ್ಲೆನ್ ಹಾಡಲ್ ದೂರದ ಪಾಸುಗಳ ಮಾಂತ್ರಿಕ. ಒಬ್ಬ ಸಮೀಪವನ್ನೂ ಇನ್ನೊಬ್ಬ ದೂರವನ್ನೂ ನೋಡಿಕೊಂಡರು. ಸಣ್ಣ ದೇಹಕ್ಕೆ ಪೆಟ್ಟುಗಳು ಬೀಳುತ್ತಿದ್ದವು. ಬಿದ್ದವನು ಎದ್ದು ಕಾಲು ಝಾಡಿಸಿ ಮತ್ತೆ ಚೆಂಡನ್ನು ಕೇಳುತ್ತಿದ್ದ.

ಜೊತೆಗೆ ಬಂದ ಸ್ವದೇಶೀಯರೆಲ್ಲ ಬೇರೂರಲಿಲ್ಲ. ಅವನೊಡನೆ ವಿಶ್ವಕಪ್ ಗೆದ್ದಿದ್ದ ಆಲ್ಬರ್ಟೊ ಟರಾಂಟಿನಿ ಬರ್ಮಿಂಗ್‌ಹ್ಯಾಮ್ ಸಿಟಿ ಕ್ಲಬ್ಬನ್ನು ಸೇರಿ ವರ್ಷದೊಳಗೇ ಮರಳಿದ. ಅರ್ಡಿಲೆಸ್ ನಿಂತ. ಹೆಂಡತಿ ಮಕ್ಕಳೊಡನೆ ಸಂಸಾರ ಹೂಡಿದ. ಪಂಡಿತರೆಲ್ಲ ಹೆದರಿಸಿದ್ದ ಚಳಿಯನ್ನೂ ಅವರ ಭಾಷೆಯನ್ನೂ ಒಗ್ಗಿಸಿಕೊಂಡ. ಭಾಷೆ ಬಂದರೂ ಉಚ್ಚಾರಣೆ ಬಗ್ಗಲಿಲ್ಲ. ತನ್ನ ಕ್ಲಬ್ಬಿನ ಹೆಸರನ್ನೇ ‘ಟಾಟಿಂಗ್‌ಹ್ಯಾಮ್’ ಎನ್ನುತ್ತಿದ್ದ. ಇದನ್ನು ಜನ ಎಷ್ಟು ಮೆಚ್ಚಿದರೆಂದರೆ, 1981ರಲ್ಲಿ ತಂಡ ಎಫ್.ಎ. ಕಪ್ಪಿನ ಅಂತಿಮ ಪಂದ್ಯ ತಲುಪಿದಾಗ ‘ಓಸಿಯ ಕನಸು’ ಎಂಬರ್ಥದ ಹೆಸರಿನಲ್ಲಿ ಹಾಡೊಂದು ಧ್ವನಿಮುದ್ರಿತವಾಗಿ, ಅದರಲ್ಲಿ ಅವನ ಆ ಉಚ್ಚಾರಣೆಯನ್ನೇ ಸೇರಿಸಲಾಯಿತು. ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಅದು 5ನೆಯ ಸ್ಥಾನದವರೆಗೆ ಏರಿತು. ಅದೇ ವರ್ಷ ಪೆಲೆಯೊಡನೆ ಒಂದು ಹಾಲಿವುಡ್ ಚಲನಚಿತ್ರದಲ್ಲಿಯೂ ಆತ ಕಾಣಿಸಿಕೊಂಡ.

ಆ ಕಪ್ಪು ಬಂದುದೂ ಕಥೆಯಂತೆಯೇ. ಮೇ 9ರಂದು ಮ್ಯಾಂಚೆಸ್ಟರ್ ಸಿಟಿಯೊಡನೆ 1–1ರ ಸಮ. ಮೇ 14ರ ಮರುಪಂದ್ಯದಲ್ಲಿ ವಿಲ್ಲಾ ಎದುರಾಳಿಗಳ ಗುಂಪಿನ ನಡುವೆ ಅಂಕುಡೊಂಕಾಗಿ ಚೆಂಡನ್ನು ಸಾಗಿಸಿ ಹೊಡೆದ ಗೋಲು 3–2ರ ಜಯ ತಂದಿತು. ಮೂರು ವರ್ಷ ಹಿಂದೆ ‘ನನ್ನ ಗೆಳೆಯನೂ ಬರಲಿ’ ಎಂದು ಕೇಳಿದ್ದವನ ಮಾತು ಅಂದು ಸಾರ್ಥಕವಾಯಿತು.

ಏಪ್ರಿಲಿನ ಆ ಶನಿವಾರ

ದಕ್ಷಿಣ ಅಟ್ಲಾಂಟಿಕ್ ಸಾಗರದಲ್ಲಿ ಅರ್ಜೆಂಟೀನದ ತೀರದಿಂದ ಸುಮಾರು 500 ಕಿಲೋಮೀಟರ್ ದೂರದಲ್ಲಿ ಗಾಳಿ ಮತ್ತು ಕುರಿಗಳ ನಾಡೊಂದಿದೆ. ಇಂಗ್ಲಿಷರಿಗೆ ಅದು ಫಾಕ್‌ಲೆಂಡ್, ಅರ್ಜೆಂಟೀನದವರಿಗೆ ಮಾಲ್ವಿನಾಸ್. 1833ರಿಂದ ಅದು ಬ್ರಿಟನ್ನಿನ ವಶದಲ್ಲಿದೆ. ಅದು ತಮ್ಮದೆಂದು ಅರ್ಜೆಂಟೀನದ ಮಕ್ಕಳು ಶಾಲೆಯಲ್ಲಿಯೇ ಕಲಿಯುತ್ತಾರೆ. ಜನರ ಅಸಮಾಧಾನ ಬೆಳೆಯುತ್ತಿದ್ದುದನ್ನು ಕಂಡ ಸೈನಿಕ ಸರಕಾರ 1982ರಲ್ಲಿ ಆ ಪಾಠವನ್ನೇ ಬಂದೂಕನ್ನಾಗಿ ಮಾಡಿಕೊಂಡಿತು.

ಏಪ್ರಿಲ್ 3, ಶನಿವಾರ. ಲಂಡನ್ನಿನಲ್ಲಿ ಪಾರ್ಲಿಮೆಂಟು ರಜಾದಿನದಲ್ಲಿಯೂ ತುರ್ತಾಗಿ ಸೇರಿ ನೌಕಾಪಡೆಯನ್ನು ಕಳುಹುವ ವಿಚಾರ ಚರ್ಚಿಸುತ್ತಿತ್ತು. ಅದೇ ದಿನ ಬರ್ಮಿಂಗ್‌ಹ್ಯಾಮಿನಲ್ಲಿ ಎಫ್.ಎ. ಕಪ್ಪಿನ ಉಪಾಂತ್ಯ ಪಂದ್ಯ. ಟಾಟನ್‌ಹ್ಯಾಮಿಗೆ ಎದುರಾಗಿ ಲೆಸ್ಟರ್ ಸಿಟಿ. ಅರ್ಡಿಲೆಸ್ ಕಾಲಿಗೆ ಚೆಂಡು ಬಂದಾಗಲೆಲ್ಲ ಲೆಸ್ಟರಿನ ಕಡೆಯವರು ‘ಇಂಗ್ಲೆಂಡ್, ಇಂಗ್ಲೆಂಡ್’ ಎಂದು ಅಬ್ಬರಿಸಿ ಹೀಯಾಳಿಸಿದರು. ಆಗ ಮೈದಾನದ ಇನ್ನೊಂದು ಕಡೆಯಿಂದ, ಇಂಗ್ಲಿಷರೇ ಆದ ಟಾಟನ್‌ಹ್ಯಾಮಿನ ಅಭಿಮಾನಿಗಳ ಕೊರಳುಗಳಿಂದ, ಪ್ರತಿಧ್ವನಿ ಎದ್ದಿತು: ‘ಅರ್ಜೆಂಟೀನ, ಅರ್ಜೆಂಟೀನ!’ ತಮ್ಮ ದೇಶದ ಪಡೆ ಯುದ್ಧಕ್ಕೆ ಅಣಿಯಾಗುತ್ತಿದ್ದ ಗಳಿಗೆಯಲ್ಲಿ ಆ ಜನ ಎದುರಾಳಿ ದೇಶದ ಹೆಸರನ್ನು ಕೂಗಿದ್ದು ರಾಜಕೀಯವನ್ನು ಅರಿತಲ್ಲ. ತಮ್ಮ ಓಸಿಯನ್ನು ಬಿಟ್ಟುಕೊಡಲು ಅವರಿಗೆ ಮನಸ್ಸಿರಲಿಲ್ಲ, ಅಷ್ಟೇ.

ಟಾಟನ್‌ಹ್ಯಾಮ್ 2–0ರಿಂದ ಗೆದ್ದಿತು. ಬಳಿಕ ಅರ್ಡಿಲೆಸ್ ಅರ್ಜೆಂಟೀನಕ್ಕೆ ಹೊರಟ. ಮುಂಬರುವ ವಿಶ್ವಕಪ್ಪಿನ ತಾಲೀಮಿಗಾಗಿ ಆತ ಹೋಗಬೇಕೆಂಬುದು ಕ್ಲಬ್ಬಿನೊಡನೆ ಮೊದಲೇ ಆಗಿದ್ದ ಒಪ್ಪಂದ. ಆದರೆ ಆ ದಿನಗಳಲ್ಲಿ ಒಪ್ಪಂದದ ಮಾತು ಯಾರ ಕಿವಿಗೆ ಬಿದ್ದೀತು? ಒಬ್ಬರಿಗೆ ಅದು ಪಲಾಯನವಾಗಿ ಕಂಡಿತು. ಇನ್ನೊಬ್ಬರಿಗೆ ದೇಶಭಕ್ತನ ಪುನರಾಗಮನವಾಗಿ.

ಮೇ 1ರಂದು ಯುದ್ಧ ಮನೆಯೊಳಕ್ಕೇ ಬಂದಿತು. ಅರ್ಜೆಂಟೀನದ ವಾಯುದಳದಲ್ಲಿ ಲೆಫ್ಟಿನೆಂಟನಾಗಿದ್ದ ಅವನ ದಾಯಾದಿ ಸೋದರ ಹೊಸೆ ಲಿಯೊನಿಡಾಸ್ ಅರ್ಡಿಲೆಸ್ ನಡೆಸುತ್ತಿದ್ದ ಯುದ್ಧವಿಮಾನವನ್ನು ಬ್ರಿಟಿಷ್ ವಿಮಾನ ಹೊಡೆದುರುಳಿಸಿತು, ಆತ ಮಡಿದ. ಮರುದಿನ ಬ್ರಿಟಿಷ್ ಜಲಾಂತರ್ಗಾಮಿಯೊಂದು ಅರ್ಜೆಂಟೀನದ ಯುದ್ಧನೌಕೆಯನ್ನು ಮುಳುಗಿಸಿತು. 323 ಮಂದಿ ಜಲಸಮಾಧಿಯಾದರು. ಆ ನೌಕೆಯ ಹೆಸರು ‘ಜನರಲ್ ಬೆಲ್‌ಗ್ರಾನೊ’. ತರುಣನಾಗಿದ್ದಾಗ ಆಡಿದ ಕ್ಲಬ್ಬಿಗಿದ್ದುದೂ ಅದೇ ಸೇನಾನಿಯ ಹೆಸರು.

ಲಂಡನ್ನಿನಲ್ಲಿ ಉಳಿದಿದ್ದ ವಿಲ್ಲಾನ ಪಾಡು ಬೇರೊಂದು ಬಗೆಯದು. ಮೇ 22ರಂದು ಕಪ್ಪಿನ ಅಂತಿಮ ಪಂದ್ಯ; ಹಿಂದಿನ ದಿನವಷ್ಟೇ ಬ್ರಿಟಿಷ್ ಸೈನ್ಯ ದ್ವೀಪದಲ್ಲಿ ಇಳಿದಿತ್ತು. ಹಿಂದಿನ ವರ್ಷದ ವೀರನಾದ ಅವನು ಆ ಪಂದ್ಯದಿಂದ ಹೊರಗುಳಿದ. ಟಾಟನ್‌ಹ್ಯಾಮ್ ಮರುಪಂದ್ಯದಲ್ಲಿ ಗೆದ್ದು ಕಪ್ಪನ್ನು ಮತ್ತೆ ಎತ್ತಿದಾಗ ಅದನ್ನು ತಂದುಕೊಟ್ಟ ಇಬ್ಬರು ಅರ್ಜೆಂಟೀನರೂ ಮೈದಾನದಲ್ಲಿರಲಿಲ್ಲ.

ವಿಶ್ವಕಪ್ಪಿಗಾಗಿ ಸ್ಪೇನ್ ತಲುಪಿದ ಮೇಲೆ ಅರ್ಜೆಂಟೀನದ ಆಟಗಾರರಿಗೆ ಮತ್ತೊಂದು ಆಘಾತ ಕಾದಿತ್ತು. ಸ್ವದೇಶದ ಪತ್ರಿಕೆಗಳು ಜಯಘೋಷ ಮಾಡುತ್ತಿದ್ದವು. ಸ್ಪೇನಿನ ಪತ್ರಿಕೆಗಳನ್ನು ಬಿಡಿಸಿದಾಗ ತಮ್ಮ ದೇಶ ಸೋಲುತ್ತಿದೆಯೆಂಬ ಸತ್ಯ ಗೊತ್ತಾಯಿತು. ಜೂನ್ 13ರ ಉದ್ಘಾಟನಾ ಪಂದ್ಯದಲ್ಲಿ ಬೆಲ್ಜಿಯಂ ಎದುರು 1–0ರ ಸೋಲು. ಮರುದಿನ ದ್ವೀಪದಲ್ಲಿ ಅರ್ಜೆಂಟೀನದ ಸೈನ್ಯದ ಶರಣಾಗತಿ. ಹಂಗೆರಿಯೆದುರು ಅರ್ಡಿಲೆಸ್ ಒಂದು ಗೋಲು ಹೊಡೆದನಾದರೂ ತಂಡ ಎರಡನೆಯ ಸುತ್ತಿನಲ್ಲಿ ಇಟಲಿಗೂ ಬ್ರೆಜಿಲಿಗೂ ಸೋತು ಮನೆಗೆ ಮರಳಿತು. 74 ದಿನಗಳ ಯುದ್ಧದಲ್ಲಿ ಅರ್ಜೆಂಟೀನದ 649 ಮಂದಿ, ಬ್ರಿಟನ್ನಿನ 255 ಮಂದಿ ಯೋಧರು, ದ್ವೀಪವಾಸಿಗಳಾದ ಮೂವರು ಅಸುನೀಗಿದ್ದರು.

ಪ್ಯಾರಿಸಿನ ವನವಾಸ

ಈಗ ಎಲ್ಲಿಗೆ ಹೋಗುವುದು? ಇಂಗ್ಲೆಂಡಿನ ಕ್ಲಬ್ಬಿನೊಡನೆ ಕರಾರು ಉಳಿದಿತ್ತು. ಆದರೆ ಬಂಧುವಿನ ಸಾವಿನ ಗಾಯ ಹಸಿಯಾಗಿರುವಾಗ ಆ ದೇಶದ ಮೈದಾನಕ್ಕೆ ಇಳಿಯುವುದು ಹೇಗೆ? ಕ್ಲಬ್ಬಿನವರು ಅವನ ಇಕ್ಕಟ್ಟನ್ನು ಅರ್ಥಮಾಡಿಕೊಂಡು ಪ್ಯಾರಿಸಿನ ಸೇಂಟ್ ಜರ್ಮೇನ್ ಕ್ಲಬ್ಬಿಗೆ ಎರವಲಾಗಿ ಕಳುಹಿದರು. ಎರಡು ದೇಶಗಳ ಜಗಳದಿಂದ ತಪ್ಪಿಸಿಕೊಳ್ಳಲು ಮೂರನೆಯ ದೇಶ. ನಗರ ಸುಂದರ, ಹೀಯಾಳಿಸುವವರಿಲ್ಲ. ಆದರೂ ಆಟ ಕಳೆಗಟ್ಟಲಿಲ್ಲ. ಕಾಲಿಗಿಂತ ಮೊದಲು ಮನಸ್ಸು ಮೈದಾನಕ್ಕೆ ಬರಬೇಕು. ಅದು ಇನ್ನೆಲ್ಲಿಯೋ ಇತ್ತು.

1983ರ ಜನವರಿಯಲ್ಲಿ, ಎರವಲಿನ ಅವಧಿ ಮುಗಿಯುವ ಮೊದಲೇ, ಅರ್ಡಿಲೆಸ್ ಲಂಡನ್ನಿಗೆ ಹಿಂದಿರುಗಿದ. ಈ ನಿರ್ಧಾರದಲ್ಲಿ ಅವನ ಬಾಳಿನ ತಿರುಳಿದೆ. ಸ್ವದೇಶದಲ್ಲಿ ಇದನ್ನು ದ್ರೋಹವೆನ್ನುವವರಿರಬಹುದು. ಇಂಗ್ಲೆಂಡಿನಲ್ಲಿ ಶತ್ರುವೆಂದು ಕೂಗುವವರಿರಬಹುದು. ಎರಡನ್ನೂ ತಿಳಿದೇ ಆತ ಬಂದ. ಮಾಲ್ವಿನಾಸ್ ಅರ್ಜೆಂಟೀನಕ್ಕೆ ಸೇರಬೇಕಾದುದೆಂಬ ತನ್ನ ನಂಬಿಕೆಯನ್ನು ಇಂಗ್ಲಿಷರ ಮೆಚ್ಚುಗೆಗಾಗಿ ಬಿಟ್ಟುಕೊಡಲಿಲ್ಲ. ತನಗೆ ಮನೆ ಕೊಟ್ಟ ಜನರ ಮೇಲಿನ ಮಮತೆಯನ್ನು ಸ್ವದೇಶದವರ ಶಹಭಾಸಿಗಾಗಿ ಅಡಗಿಸಲೂ ಇಲ್ಲ.

ಬಂದ ಕೆಲದಿನಗಳಲ್ಲಿಯೇ ಪಂದ್ಯವೊಂದರಲ್ಲಿ ಮೊಣಕಾಲಿನ ಕೆಳಗಿನ ಮೂಳೆ ಮುರಿದು ತಿಂಗಳುಗಟ್ಟಲೆ ಹೊರಗುಳಿಯಬೇಕಾಯಿತು. 1984ರ ಮೇ 23ರಂದು ವೈಟ್ ಹಾರ್ಟ್ ಲೇನಿನಲ್ಲಿ ಯು.ಇ.ಎಫ್.ಎ. ಕಪ್ಪಿನ ಅಂತಿಮ ಸುತ್ತಿನ ಎರಡನೆಯ ಪಂದ್ಯ ನಡೆದಾಗ ಆತ ಬದಲಿ ಆಟಗಾರರ ಬೆಂಚಿನಲ್ಲಿದ್ದ. ಬೆಲ್ಜಿಯಮಿನ ಆಂಡರ್‌ಲೆಕ್ಟ್ ತಂಡ ಮುಂದಿತ್ತು. ಆಟ ಮುಗಿಯುತ್ತ ಬಂದಿತ್ತು. ಅರ್ಡಿಲೆಸ್ ಇಳಿದ ಮೇಲೆ, 84ನೆಯ ನಿಮಿಷದಲ್ಲಿ, ಗ್ರಹಾಂ ರಾಬರ್ಟ್ಸ್ ಸಮಗೊಳಿಸಿದ. ಕೊನೆಗೆ ಪೆನಾಲ್ಟಿ ಒದೆತಗಳಲ್ಲಿ ಟಾಟನ್‌ಹ್ಯಾಮ್ 4–3ರಿಂದ ಗೆದ್ದಿತು. ಯುದ್ಧದ ವರ್ಷ ಕೈತಪ್ಪಿದ್ದ ಸಂಭ್ರಮ ಎರಡು ವರ್ಷ ತಡವಾಗಿ ದೊರೆತಂತಾಯಿತು.

ಮರಡೋನ ಬಂದ ಸಂಜೆ

ಕ್ಲಬ್ಬಿಗೆ ಬಹುಕಾಲ ದುಡಿದ ಆಟಗಾರನ ಗೌರವಾರ್ಥ ಪಂದ್ಯವೊಂದನ್ನು ಏರ್ಪಡಿಸಿ ಅದರ ಹಣವನ್ನು ಅವನಿಗೆ ಅರ್ಪಿಸುವುದು ಇಂಗ್ಲೆಂಡಿನ ಹಳೆಯ ಸಂಪ್ರದಾಯ. ಅರ್ಡಿಲೆಸ್‌ಗೆ ಆ ಗೌರವ ಸಂದ ದಿನ 1986ರ ಮೇ 1. ಬಂಧು ಮಡಿದು ಅಂದಿಗೆ ಸರಿಯಾಗಿ ನಾಲ್ಕು ವರ್ಷ.

ಎದುರಾಳಿ ಇಟಲಿಯ ಇಂಟರ್ ಮಿಲಾನ್. ಟಾಟನ್‌ಹ್ಯಾಮಿನ ಬಿಳಿ ಅಂಗಿ ತೊಟ್ಟು ಆ ಸಂಜೆ ಮೈದಾನಕ್ಕೆ ಇಳಿದವರಲ್ಲಿ ಒಬ್ಬ ಡಿಯೆಗೊ ಮರಡೋನ. ಗೆಳೆಯನ ಕರೆಗೆ ಓಗೊಟ್ಟು ಬಂದಿದ್ದ ಅವನ ಬಳಿ ಬೂಟುಗಳೂ ಇರಲಿಲ್ಲ. ಕ್ಲೈವ್ ಆಲನ್ ತನ್ನದೊಂದು ಜೊತೆಯನ್ನು ಕೊಟ್ಟ. 10ನೆಯ ಸಂಖ್ಯೆಯ ಅಂಗಿಯನ್ನು ಗ್ಲೆನ್ ಹಾಡಲ್ ತಾನಾಗಿ ಬಿಟ್ಟುಕೊಟ್ಟ. ಯುದ್ಧದ ಕಹಿ ಇನ್ನೂ ಆರದಿದ್ದ ದೇಶದ ರಾಜಧಾನಿಯಲ್ಲಿ ಅರ್ಜೆಂಟೀನದ ಇಬ್ಬರು ಇಂಗ್ಲಿಷ್ ಕ್ಲಬ್ಬಿನ ಪರವಾಗಿ ಜೊತೆಯಾಗಿ ಆಡಿದರು. ಸುಮಾರು 30,000 ಜನ ಹರ್ಷೋದ್ಗಾರ ಮಾಡಿದರು. ಪಂದ್ಯ 2–1ರಿಂದ ಟಾಟನ್‌ಹ್ಯಾಮಿನದಾಯಿತು.

ಎರಡು ತಿಂಗಳು ಕಳೆಯುವ ಮೊದಲೇ, ಜೂನ್ 22ರಂದು ಮೆಕ್ಸಿಕೊದಲ್ಲಿ ಅದೇ ಮರಡೋನ ವಿಶ್ವಕಪ್ಪಿನ ಪಂದ್ಯದಲ್ಲಿ ಇಂಗ್ಲೆಂಡನ್ನು ಮಣಿಸಿದ. ಒಂದು ಗೋಲು ಕೈಯಿಂದ, ಮತ್ತೊಂದು ಯಾರೂ ಮರೆಯಲಾಗದ ಕಾಲಿನಿಂದ. ಅಂದು ಎದುರು ತಂಡದಲ್ಲಿದ್ದು ಅದನ್ನು ಕಂಡವರಲ್ಲಿ ಅಂಗಿ ಬಿಟ್ಟುಕೊಟ್ಟ ಹಾಡಲನೂ ಒಬ್ಬ.

ಬಾಗಿಲು ತೆರೆದವನ ಮನೆ

1987ರಲ್ಲಿ ಮತ್ತೊಂದು ಎಫ್.ಎ. ಕಪ್ ಅಂತಿಮ ಪಂದ್ಯ ಆಡಿ, ಮುನ್ನೂರಕ್ಕೂ ಮಿಕ್ಕ ಪಂದ್ಯಗಳ ತರುವಾಯ 1988ರಲ್ಲಿ ಅರ್ಡಿಲೆಸ್ ಟಾಟನ್‌ಹ್ಯಾಮನ್ನು ಬಿಟ್ಟ. ಬಳಿಕ ಮ್ಯಾನೇಜರ್ ವೃತ್ತಿ. ಸ್ವಿಂಡನ್, ನ್ಯೂಕ್ಯಾಸಲ್, ವೆಸ್ಟ್ ಬ್ರಾಮ್‌ವಿಚ್ ಕ್ಲಬ್ಬುಗಳನ್ನು ಸುತ್ತಿ 1993ರಲ್ಲಿ ಟಾಟನ್‌ಹ್ಯಾಮಿಗೇ ಒಡೆಯನಾಗಿ ಮರಳಿದ. ರಕ್ಷಣೆಯ ಲೆಕ್ಕ ಬಿಟ್ಟು ಐವರು ಮುಂಚೂಣಿಯವರನ್ನು ನುಗ್ಗಿಸುವ ಅವನ ಆಟ ಕಣ್ಣಿಗೆ ಹಬ್ಬ, ಅಂಕಪಟ್ಟಿಗೆ ಉಪವಾಸ. 1994ರ ಶರತ್ಕಾಲದಲ್ಲಿ ಕೆಲಸ ಹೋಯಿತು. ಜಪಾನಿನಲ್ಲಿ ಅದೃಷ್ಟ ಕೈಹಿಡಿಯಿತು; 1996ರಲ್ಲಿ ಶಿಮಿಜು ಎಸ್-ಪಲ್ಸ್ ತಂಡಕ್ಕೆ ಲೀಗ್ ಕಪ್ಪನ್ನು ಗೆಲ್ಲಿಸಿಕೊಟ್ಟ.

1978ರಲ್ಲಿ ಆತ ಕಾಲಿಟ್ಟ ಬಾಗಿಲು ಅನಂತರ ಮುಚ್ಚಲೇ ಇಲ್ಲ. 1992ರಲ್ಲಿ ಪ್ರೀಮಿಯರ್ ಲೀಗ್ ಆರಂಭವಾದ ವಾರ ಬ್ರಿಟನ್ ಮತ್ತು ಐರ್ಲೆಂಡುಗಳ ಹೊರಗಿನವರಾಗಿ ಮೊದಲ ಹನ್ನೊಂದರಲ್ಲಿ ಆಡಿದವರು 13 ಮಂದಿ. 1999ರ ಡಿಸೆಂಬರ್ 26ರಂದು ಚೆಲ್ಸಿ ಕ್ಲಬ್ಬು ಒಬ್ಬನೇ ಒಬ್ಬ ಬ್ರಿಟಿಷನಿಲ್ಲದ ಹನ್ನೊಂದು ಮಂದಿಯ ತಂಡವನ್ನು ಕಣಕ್ಕಿಳಿಸಿತು. ಹೊರಗಿನವರು ಚಳಿಗೆ ನಿಲ್ಲಲಾರರೆಂದು ತಲೆಯಾಡಿಸಿದವರ ಮಾತು ಹೀಗೆ ಕೊಚ್ಚಿಹೋಯಿತು.

ಅರ್ಡಿಲೆಸ್ ಇಂಗ್ಲೆಂಡಿನಲ್ಲಿಯೇ ಮನೆ ಮಾಡಿಕೊಂಡ. 2014ರ ಜನವರಿಯಲ್ಲಿ ಸಾಕ್ಷ್ಯಚಿತ್ರವೊಂದರ ಚಿತ್ರೀಕರಣಕ್ಕಾಗಿ ಆತ ಮತ್ತು ವಿಲ್ಲಾ ಜೊತೆಯಾಗಿ ಒಂದು ಪ್ರಯಾಣ ಕೈಗೊಂಡರು. ಹೋದದ್ದು ಆ ದ್ವೀಪಗಳಿಗೇ. ಒಂದು ಮಾತಿಗೆ ಫಾಕ್‌ಲೆಂಡ್, ಇನ್ನೊಂದು ಮಾತಿಗೆ ಮಾಲ್ವಿನಾಸ್. ಅಲ್ಲಿಯ ರಸ್ತೆಯಲ್ಲಿ ಮೋಟಾರು ಅಪಘಾತವಾಗಿ ಅರ್ಡಿಲೆಸ್ ತಲೆಗೆ ಪೆಟ್ಟು ಬಿದ್ದಿತು. ಇಪ್ಪತ್ತರಷ್ಟು ಹೊಲಿಗೆಗಳು ಬೇಕಾದುವು. ಹೊಲಿಗೆ ಹಾಕಿ ಉಪಚರಿಸಿದ್ದು ದ್ವೀಪದ ಆಸ್ಪತ್ರೆಯವರು. ಮೂವತ್ತೆರಡು ವರ್ಷಗಳ ಹಿಂದೆ ಯಾವ ನೆಲಕ್ಕಾಗಿ ಅವನ ಎರಡು ನಾಡುಗಳು ಕಾದಾಡಿದ್ದವೋ ಆ ನೆಲದಲ್ಲಿ ಅವನು ಶತ್ರುವೂ ಅಲ್ಲದೆ, ವೀರನೂ ಅಲ್ಲದೆ, ಗಾಯಗೊಂಡ ಒಬ್ಬ ಮನುಷ್ಯನಾಗಿ ಮಂಚದ ಮೇಲೆ ಮಲಗಿದ್ದ.

ಯಾರವನೆಂಬ ಮೂರನೆಯ ಪ್ರಶ್ನೆಗೆ ಅರ್ಡಿಲೆಸ್ ಯಾವ ಒಂದು ದೇಶದ ಹೆಸರನ್ನೂ ಉತ್ತರವಾಗಿ ಹೇಳಲಿಲ್ಲ. ತನ್ನ ಕಸುಬು ಕಲಿಸಿದ್ದನ್ನೇ ಮಾಡಿದ. ಎರಡು ಕಡೆಯವರೂ ಎಳೆದಾಡುತ್ತಿದ್ದಾಗ ಯಾವೊಂದು ತುದಿಗೂ ಓಡದೆ, ಪೆಟ್ಟು ತಿಂದರೂ ನಡುವಿನಲ್ಲಿಯೇ ನಿಂತ.